ಸುಗ್ಗಿ ಮುಗಿಯಿತು, ಎಂಜಿನ್ನಿಗೂ ಆರೈಕೆ ಬೇಕು

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕು ಮಾವಿಗೆ ಹೆಸರಾದದ್ದು. ಅಲ್ಲಿನ ಗೌನಿಪಲ್ಲಿಯ ಸುತ್ತಮುತ್ತ ಡಿಸೆಂಬರ್, ಜನವರಿ ಬಂತೆಂದರೆ ಮಾವು ಹೂ ಬಿಡುವ ಕಾಲ. ಜಿಗಿಹುಳು, ಬೂದಿರೋಗಗಳ ಕಾಟವೂ ಆಗಲೇ. ಔಷಧಿ ಹೊಡೆಯಲು ಪವರ್ ಸ್ಪ್ರೇಯರನ್ನು ಹೊರತೆಗೆದು ಹಗ್ಗ ಎಳೆದರೆ ಎಂಜಿನ್ ಮಿಸುಕುವುದೇ ಇಲ್ಲ! ಅದು ರಿಪೇರಿಯಾಗಿ ಬರುವಷ್ಟರಲ್ಲಿ ಹೂವು ಉದುರಿದರೆ ವರ್ಷದ ಫಸಲೇ ಕೈತಪ್ಪಬಹುದು.

ಬೇಸಿಗೆಯಲ್ಲಿ ಚೆನ್ನಾಗಿಯೇ ಓಡಿದ ಎಂಜಿನ್ ಏಳೆಂಟು ತಿಂಗಳು ಸುಮ್ಮನಿದ್ದು ಕೆಟ್ಟದ್ದಾದರೂ ಹೇಗೆ? ನೋಡೋಣ.

ಪೆಟ್ರೋಲ್ ಆವಿಯಾಗುವ ದ್ರವ. ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲ್ ಆರುತ್ತಾ ಹೋದಂತೆ ಅಂಟಿನಂಥ ಪದಾರ್ಥ ಉಳಿದು, ಸೂಜಿಯ ಮೊನೆಯಷ್ಟು ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಇಂದಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದರೆ ಲೋಹಕ್ಕೆ ತುಕ್ಕು. ಇನ್ನು ತೊಟ್ಟಿಯಲ್ಲಿ ಉಳಿದ ಔಷಧಿ ಪಂಪನ್ನೂ ನಳಿಕೆಯ ತುದಿಯನ್ನೂ ಹಾಳುಮಾಡುತ್ತದೆ.

ಇದಕ್ಕೆ ಪರಿಹಾರ ಸುಲಭ. ತೊಟ್ಟಿಗೆ ಶುದ್ಧ ನೀರು ತುಂಬಿ, ಎರಡು ಮೂರು ಬಾರಿ ಸಿಂಪಡಿಸಿ ತೊಳೆಯಿರಿ. ತೊಳೆದ ನೀರು ಬಾವಿಗಾಗಲಿ, ಕೆರೆಗಾಗಲಿ, ದನ ಕುಡಿಯುವ ತೊಟ್ಟಿಗಾಗಲಿ ಸೇರಬಾರದು. ಎಂಜಿನ್ ತಣ್ಣಗಾದ ಮೇಲೆ ಪೆಟ್ರೋಲ್ ಟ್ಯಾಂಕನ್ನು ಬರಿದು ಮಾಡಿ. ಔಷಧಿ ತೊಟ್ಟಿಯಲ್ಲಿ ಸ್ವಲ್ಪ ನೀರಿರುವಾಗಲೇ ಮತ್ತೆ ಚಾಲೂ ಮಾಡಿ, ಒಳಗಿನ ಪೆಟ್ರೋಲ್ ಪೂರ್ತಿ ಉರಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಬಿಡಿ. ಆಮೇಲೆ ನೀರನ್ನೂ ಚೆಲ್ಲಿ.

ಎಂಜಿನ್ ಆರಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ರಂಧ್ರದೊಳಕ್ಕೆ ಒಂದು ಚಿಕ್ಕ ಚಮಚ ಟೂ-ಸ್ಟ್ರೋಕ್ ಆಯಿಲ್ ಹಾಕಿ, ಹಗ್ಗವನ್ನು ನಾಲ್ಕೈದು ಬಾರಿ ಮೆಲ್ಲಗೆ ಎಳೆಯಿರಿ. ಎಣ್ಣೆ ಸಿಲಿಂಡರಿನ ಗೋಡೆಗೆಲ್ಲ ಹರಡುತ್ತದೆ. ಪ್ಲಗ್ ಮತ್ತೆ ಕೂರಿಸಿ, ಹಗ್ಗ ಬಿಗಿಯಾಗುವ ಕಡೆ ನಿಲ್ಲಿಸಿ. ಆಗ ಪಿಸ್ಟನ್ ಮೇಲಿದ್ದು, ಹೊಗೆ ಹೋಗುವ ಕಿಂಡಿಯನ್ನು ತಾನೇ ಮುಚ್ಚಿರುತ್ತದೆ. ಗಾಳಿ ಸೋಸುವ ಫಿಲ್ಟರನ್ನು ಶುಚಿಮಾಡಿ, ಯಂತ್ರವನ್ನು ನೆಲದಿಂದ ಮೇಲೆ, ಬಟ್ಟೆ ಹೊದಿಸಿ ಇಡಿ. ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ತೇವ ಒಳಗೇ ಉಳಿಯುತ್ತದೆ.

ಕರಾವಳಿಯಲ್ಲಿ ದೋಣಿಯ ಹಿಂಬದಿಗೆ ಕಟ್ಟುವ ಎಂಜಿನ್ನನ್ನು ಎತ್ತಿಡುವಾಗಲೂ ಪಾಲಿಸಬೇಕಾದ ನಿಯಮ ಇದೇ. ಅಲ್ಲಿ ತೊಳೆಯಬೇಕಾದದ್ದು ಉಪ್ಪುನೀರು, ಇಲ್ಲಿ ಔಷಧಿ, ಅಷ್ಟೇ ವ್ಯತ್ಯಾಸ.

ವಿದ್ಯಾರ್ಥಿಗಳೇ, ಈ ಕೆಲಸವನ್ನು ಮನೆಯ ಹಿರಿಯರ ಜೊತೆಗೂಡಿ ಬಯಲಿನಲ್ಲೇ ಮಾಡಿ. ಹತ್ತಿರ ಬೆಂಕಿ ಇರಬಾರದು, ಕೈಗೆ ಗವಸು ಇರಬೇಕು. ಬಸಿದ ಪೆಟ್ರೋಲನ್ನು ನೀರಿನ ಬಾಟಲಿಗೆ ಎಂದೂ ತುಂಬಬೇಡಿ. ಅರ್ಧ ದಿನದ ಈ ಶ್ರಮದಿಂದ, ಮಾವು ಮತ್ತೆ ಹೂ ಬಿಟ್ಟ ದಿನ ಎಂಜಿನ್ ನಿಮ್ಮ ಮಾತು ಕೇಳುತ್ತದೆ.