ಗ್ಯಾಸ್ ಲೀಕ್ ಹುಡುಕುತ್ತಿದ್ದ ಎಂಜಿನಿಯರ್

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ‘ಪ್ರಶಸ್ತಿಗಳು’ ಎಂಬ ಪುಟ ಗೊತ್ತಿರುತ್ತದೆ. ಪ್ರಶಸ್ತಿ, ವರ್ಷ, ಪಡೆದವರು ಅಂತ ಮೂರು ಕಾಲಂ. ಉರು ಹೊಡೆಯುವುದು, ಪರೀಕ್ಷೆ ಮುಗಿದ ಮೇಲೆ ಮರೆಯುವುದು. ಕಳೆದ ಬೇಸಿಗೆಯಲ್ಲಿ ಒಂದು ರಜೆಯ ದಿನ ಜಯನಗರದ ಗ್ರಂಥಾಲಯದಲ್ಲಿ ಕುಳಿತು ನಾನೂ ಅದನ್ನೇ ಮಾಡುತ್ತಿದ್ದೆ. ಆಗ ಈ ಸಾಲು ಬಂತು: ‘ಟ್ಯಾಂಗ್ ಪ್ರಶಸ್ತಿ, 2018, ಜೇಮ್ಸ್ ಹ್ಯಾನ್ಸನ್ ಮತ್ತು ವೀರಭದ್ರನ್ ರಾಮನಾಥನ್.’ ಇದು ತೈವಾನ್‌ನಲ್ಲಿ ಕೊಡುವ ಪ್ರಶಸ್ತಿ. ಇಬ್ಬರೂ ಹವಾಮಾನ ವಿಜ್ಞಾನಿಗಳು. ರಾಮನಾಥನ್ ಯಾರು ಎಂದು ಮೊಬೈಲ್‌ನಲ್ಲಿ ನೋಡಿದೆ. ಓದುತ್ತಾ ಹೋದಂತೆ ಪುಸ್ತಕ ಮುಚ್ಚಿಟ್ಟೆ. ಕಾರಣ ಹೇಳಬೇಕೆಂದರೆ ಮೊದಲು ನನ್ನ ಕಥೆ ಸ್ವಲ್ಪ ಹೇಳಬೇಕು.

ನಾನು ಮೆಕ್ಯಾನಿಕಲ್ ಬಿ.ಇ. ಮುಗಿಸಿ ಎರಡು ವರ್ಷವಾಯಿತು. ಕ್ಯಾಂಪಸ್ ಸೆಲೆಕ್ಷನ್‌ನಲ್ಲಿ ಬಂದ ಕಂಪನಿಗಳೆಲ್ಲ ಕೋಡಿಂಗ್ ಕೇಳಿದವು. ಒಂದು ವರ್ಷ ಬನಶಂಕರಿಯ ಮನೆಯಲ್ಲಿ ಕುಳಿತ ಮೇಲೆ, ಬಿಟಿಎಂ ಲೇಔಟ್‌ನ ಎ.ಸಿ. ಸರ್ವಿಸ್ ಅಂಗಡಿಯೊಂದಕ್ಕೆ ಸೇರಿಕೊಂಡೆ. ಕ್ಲೀನಿಂಗ್, ಗ್ಯಾಸ್ ತುಂಬುವುದು, ಮನೆ ಬದಲಾಯಿಸುವವರ ಎ.ಸಿ. ಬಿಚ್ಚಿ ಮತ್ತೆ ಕೂರಿಸುವುದು ನನ್ನ ಕೆಲಸ. “ಇಷ್ಟು ಓದಿಸಿದ್ದು ಇದಕ್ಕಾ?” ಎಂದು ಅಜ್ಜಿ ಕೇಳಿದರು. ಅಮ್ಮ ನೆಂಟರ ಮುಂದೆ “ಯಾವುದೋ ಕಂಪನೀಲಿ ಟ್ರೈನಿಂಗ್‌ನಲ್ಲಿದ್ದಾನೆ” ಎನ್ನುತ್ತಿದ್ದರು. ನಾನೂ ಅಷ್ಟೇ, ಬಯೋಡೇಟಾದಲ್ಲಿ ಈ ಕೆಲಸ ಬರೆದಿರಲಿಲ್ಲ. ಸಂದರ್ಶನದಲ್ಲಿ “ಪಾಸಾದ ಮೇಲೆ ಏನು ಮಾಡ್ತಿದ್ರಿ?” ಎಂದರೆ “ಪರೀಕ್ಷೆಗೆ ಪ್ರಿಪೇರ್ ಆಗ್ತಿದ್ದೆ ಸಾರ್” ಎಂಬ ಉತ್ತರ ಸಿದ್ಧವಿತ್ತು.

ಈಗ ರಾಮನಾಥನ್ ಕಥೆ ಕೇಳಿ. ಹುಟ್ಟಿದ್ದು 1944ರಲ್ಲಿ, ತಮಿಳುನಾಡಿನಲ್ಲಿ. ಹನ್ನೊಂದನೇ ವಯಸ್ಸಿಗೆ ಮನೆಯವರ ಜೊತೆ ಬೆಂಗಳೂರಿಗೆ ಬಂದರು. ಇಲ್ಲಿನ ಶಾಲೆಯಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ, ಅವರಿಗೆ ಅಭ್ಯಾಸವಿದ್ದದ್ದು ತಮಿಳು. ಮೇಷ್ಟರು ಹೇಳುವುದು ಅರ್ಥವಾಗದೆ, ಪಾಠ ಕೇಳುವ ಅಭ್ಯಾಸವೇ ತಪ್ಪಿ ಎಲ್ಲವನ್ನೂ ತಾವೇ ಯೋಚಿಸಿ ಕಲಿಯಬೇಕಾಯಿತು ಎಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಕನ್ನಡ ಮೀಡಿಯಂನಿಂದ ಕಾಲೇಜಿಗೆ ಬಂದು ಕೊನೆಯ ಬೆಂಚಿನಲ್ಲಿ ಕುಳಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಮುಗಿಸಿದ ಮೇಲೆ ಸಿಕಂದರಾಬಾದ್‌ನಲ್ಲಿ ಫ್ರಿಡ್ಜ್ ತಯಾರಿಸುವ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅವರಿಗೆ ವಹಿಸಿದ್ದು ಏನು ಗೊತ್ತೇ? ಫ್ರಿಡ್ಜ್‌ಗಳಿಂದ ಗ್ಯಾಸ್ ಏಕೆ ಲೀಕ್ ಆಗುತ್ತಿದೆ ಎಂದು ಹುಡುಕುವುದು! ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ಎಂದು ತಾಮ್ರದ ಪೈಪನ್ನೇ ದಿಟ್ಟಿಸಿ ನೋಡುವ ನನಗೆ ಇದನ್ನು ಓದಿ ಮೈ ಜುಮ್ಮೆಂದಿತು.

ಆ ಕೆಲಸ ಅವರಿಗೆ ಹಿಡಿಸಲಿಲ್ಲ. ಬಿಟ್ಟು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದರು. ಅಲ್ಲಿ ಇಂಟರ್‌ಫೆರೋಮೀಟರ್ ಎಂಬ ಸೂಕ್ಷ್ಮ ಉಪಕರಣ ಕಟ್ಟುವುದನ್ನು ಕಲಿತರು. ಅದನ್ನೇ ಮುಂದುವರಿಸೋಣ ಎಂದು 1970ರಲ್ಲಿ ಅಮೆರಿಕಕ್ಕೆ ಹೋದರೆ, ಮಾರ್ಗದರ್ಶಕರಾದ ರಾಬರ್ಟ್ ಸೆಸ್ ಅಷ್ಟರಲ್ಲಿ ತಮ್ಮ ವಿಷಯವನ್ನೇ ಬದಲಿಸಿ ಗ್ರಹಗಳ ವಾತಾವರಣದ ಕಡೆ ಹೊರಳಿದ್ದರು. ಹೀಗೆ ಎಂಜಿನಿಯರ್ ಒಬ್ಬರು ಬಯಸದೇ ವಾತಾವರಣ ವಿಜ್ಞಾನಕ್ಕೆ ಬಂದರು.

1974ರಲ್ಲಿ ಮರಿಯೊ ಮೊಲಿನಾ ಮತ್ತು ಶೆರ್ವುಡ್ ರೋಲ್ಯಾಂಡ್ ಎಂಬ ವಿಜ್ಞಾನಿಗಳು, ಫ್ರಿಡ್ಜ್ ಮತ್ತು ಸ್ಪ್ರೇ ಡಬ್ಬಿಗಳಲ್ಲಿ ಬಳಸುವ ಸಿಎಫ್‌ಸಿ ಅನಿಲಗಳು ಓಝೋನ್ ಪದರವನ್ನು ತಿನ್ನುತ್ತವೆ ಎಂದು ಎಚ್ಚರಿಸಿದರು. ರಾಮನಾಥನ್ ಅವರಿಗೆ ಇದು ಸಿಕಂದರಾಬಾದ್‌ನಲ್ಲಿ ಬೆನ್ನು ಹತ್ತಿದ್ದ ಅದೇ ಗ್ಯಾಸ್. ಇದು ಭೂಮಿಯನ್ನು ಬಿಸಿಯೂ ಮಾಡಬಹುದಾ ಎಂಬ ಪ್ರಶ್ನೆ ಎತ್ತಿಕೊಂಡು ಲೆಕ್ಕ ಹಾಕಿದರು. 1975ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಉತ್ತರ ಪ್ರಕಟವಾಯಿತು: ಸಿಎಫ್‌ಸಿಯ ಒಂದು ಅಣು, ಸುಮಾರು 10,000 ಇಂಗಾಲದ ಡೈಆಕ್ಸೈಡ್ ಅಣುಗಳಷ್ಟು ಶಾಖ ಹಿಡಿದಿಡಬಲ್ಲದು.

ಇದು ಹೇಗೆ? ಬಿಸಿಲಿಗೆ ಕಾದ ಭೂಮಿ ತನ್ನ ಶಾಖವನ್ನು ಅವಗೆಂಪು ಕಿರಣಗಳಾಗಿ ಆಕಾಶಕ್ಕೆ ಬಿಡುತ್ತದೆ. ಹಲವು ಕಿಟಕಿಗಳಿರುವ ಕೋಣೆಯನ್ನು ನೆನೆಸಿಕೊಳ್ಳಿ. ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಕೆಲವು ಕಿಟಕಿಗಳನ್ನು ಆಗಲೇ ಬಹುಪಾಲು ಮುಚ್ಚಿವೆ. ಶಾಖ ಹೆಚ್ಚಾಗಿ ಹೊರಹೋಗುವುದು ತೆರೆದಿರುವ ಉಳಿದ ಕಿಟಕಿಯಿಂದ. ಸಿಎಫ್‌ಸಿ ಅಡ್ಡ ನಿಲ್ಲುವುದು ಸರಿಯಾಗಿ ಆ ಕಿಟಕಿಗೇ. ಹಾಗಾಗಿ ಪ್ರಮಾಣ ಚಿಕ್ಕದಿದ್ದರೂ ಪೆಟ್ಟು ದೊಡ್ಡದು. ಅಲ್ಲಿಯವರೆಗೆ ಭೂಮಿಯ ಬಿಸಿಯೆಂದರೆ ಇಂಗಾಲದ ಡೈಆಕ್ಸೈಡ್ ಒಂದರದೇ ಮಾತು ಎಂಬಂತಿತ್ತು. ಬೇರೆ ಅನಿಲಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು ಎಂದಾಯಿತು. ಮುಂದೆ 1987ರ ಮಾಂಟ್ರಿಯಲ್ ಒಪ್ಪಂದದಿಂದ ಸಿಎಫ್‌ಸಿ ಬಳಕೆ ನಿಲ್ಲುತ್ತಾ ಬಂತು. ಓಝೋನ್‌ಗಾಗಿ ಮಾಡಿಕೊಂಡ ಆ ಒಪ್ಪಂದ ಭೂಮಿಯ ಬಿಸಿಯನ್ನೂ ತಗ್ಗಿಸಿತು.

ರಾಮನಾಥನ್ ಅವರ ಇನ್ನೊಂದು ದೊಡ್ಡ ಕೆಲಸ ಹಿಂದೂ ಮಹಾಸಾಗರದ ಮೇಲೆ ಕವಿಯುವ ಕಂದು ಬಣ್ಣದ ಹೊಗೆಮೋಡದ ಅಧ್ಯಯನ. ಆ ವಿಷಯದಲ್ಲಿ ಅವರ ಜೊತೆಗೂಡಿ 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಬಂಧ ಬರೆದವರು ಎಸ್.ಕೆ. ಸತೀಶ್. ಅವರು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು. ಕಪ್ಪು ಮಸಿಯ ಕಣಗಳು ನೆಲಕ್ಕೆ ಬೀಳುವ ಬಿಸಿಲನ್ನು ತಡೆದು ಗಾಳಿಯನ್ನೇ ಕಾಯಿಸುವ ಬಗೆಯನ್ನು ಅಳೆದು ತೋರಿಸಿದ್ದಕ್ಕೆ ಅವರಿಗೆ 2018ರ ಇನ್ಫೊಸಿಸ್ ಪ್ರಶಸ್ತಿ ಬಂತು. ಇಬ್ಬರಿಗೂ ಒಂದೇ ವರ್ಷ. ನನ್ನ ಗೈಡ್ ಪುಸ್ತಕದಲ್ಲಿ ಇವು ಎರಡು ಬೇರೆ ಬೇರೆ ಸಾಲು.

ಅವತ್ತು ಮನೆಗೆ ಬಂದ ಮೇಲೂ ತಲೆಯಲ್ಲಿ ಒಂದು ವಿಷಯ ಕೊರೆಯುತ್ತಿತ್ತು. ಎ.ಸಿ. ಬಿಚ್ಚುವ ಮುಂಚೆ ‘ಪಂಪ್ ಡೌನ್’ ಮಾಡಬೇಕು. ಎ.ಸಿ. ಓಡುತ್ತಿರುವಾಗಲೇ ಸಣ್ಣ ಪೈಪಿನ ವಾಲ್ವ್ ಮುಚ್ಚಿದರೆ ಗ್ಯಾಸ್ ಎಲ್ಲ ಹೊರಗಿನ ಯೂನಿಟ್‌ಗೆ ಸೇರುತ್ತದೆ. ಆಮೇಲೆ ದಪ್ಪ ಪೈಪಿನದು ಮುಚ್ಚಬೇಕು. ಹೆಚ್ಚೆಂದರೆ ಹತ್ತು ನಿಮಿಷದ ಕೆಲಸ. ನಾವು ಮಾಡುತ್ತಿರಲಿಲ್ಲ. “ಇನ್ನೊಂದು ಕಾಲ್ ಇದೆ, ಬಿಡು ಮಗಾ, ಗಾಳೀಲಿ ಹೋಗುತ್ತೆ” ಎನ್ನುತ್ತಿದ್ದರು ಸೀನಿಯರ್ ಅಣ್ಣ. ನಟ್ ಸಡಿಲಿಸಿದರೆ ‘ಸುಯ್’ ಎನ್ನುತ್ತಾ ಎಲ್ಲ ಖಾಲಿ. ಹೊಸ ಮನೆಯಲ್ಲಿ ಗ್ಯಾಸ್ ತುಂಬಿದ ಬಿಲ್ ಅಂಗಡಿಗೆ ಲಾಭ.

ಲೆಕ್ಕ ಹಾಕಿದೆ. ಹಳೆಯ ಎ.ಸಿ.ಗಳಲ್ಲಿರುವ ಆರ್-22 ಗ್ಯಾಸ್ ಒಂದು ಕಿಲೋ ಹೊರಬಿಟ್ಟರೆ, ನೂರು ವರ್ಷದಲ್ಲಿ ಅದು ಸುಮಾರು 1,800 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ಒಂದು ಲೀಟರ್ ಪೆಟ್ರೋಲ್ ಉರಿದರೆ ಬರುವುದು ಸುಮಾರು 2.3 ಕಿಲೋ. ಅಂದರೆ ಒಂದು ‘ಸುಯ್’ಗೆ 780 ಲೀಟರ್ ಪೆಟ್ರೋಲ್! ಅಪ್ಪನ ಸ್ಕೂಟರ್‌ನಲ್ಲಿ ಅಷ್ಟಕ್ಕೆ 35,000 ಕಿಲೋಮೀಟರ್ ಓಡಾಡಬಹುದು.

ಮುಂದಿನ ವಾರ ಬಿಟಿಎಂನ ಮನೆಯೊಂದರಲ್ಲಿ “ಅಣ್ಣ, ಹತ್ತು ನಿಮಿಷ ಕೊಡಿ, ನಾನೇ ಮಾಡ್ತೀನಿ” ಎಂದೆ. ಗುರಾಯಿಸಿ ನೋಡಿ ಟೀ ಕುಡಿಯಲು ಹೋದರು. ಅದರ ಮುಂದಿನ ವಾರವೂ ಕೇಳಿದೆ. ವಿಷಯ ಮಾಲೀಕರಿಗೆ ಹೋಗಿ ಚೆನ್ನಾಗಿ ಬೈಸಿಕೊಂಡೆ, ಆ ತಿಂಗಳು ಇನ್ಸೆಂಟಿವ್ ಕೈಗೆ ಬರಲಿಲ್ಲ. ಆದರೂ ಬಿಡಲಿಲ್ಲ. ಸ್ಕೂಟರ್ ಲೆಕ್ಕ ಹೇಳಿದ ದಿನ ಮಾತ್ರ ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದರು. ಈಗ ಕೆಲವು ಮನೆಗಳಲ್ಲಿ ನಾನು ಕೇಳುವ ಮೊದಲೇ “ವಾಲ್ವ್ ಕೀ ತಗೊಂಬಾ” ಎನ್ನುತ್ತಾರೆ.

ನನಗೆ ಯಾವ ಪ್ರಶಸ್ತಿಯೂ ಬರುವುದಿಲ್ಲ, ಗೊತ್ತು. ಲೀಕ್ ಹುಡುಕಿದವರೆಲ್ಲ ವಿಜ್ಞಾನಿಗಳಾಗುವುದಿಲ್ಲ. ಆದರೆ ಇಷ್ಟವಿಲ್ಲದೆ ಮಾಡಿದ ಮೊದಲ ಕೆಲಸದಲ್ಲಿ ಕಂಡದ್ದನ್ನು ರಾಮನಾಥನ್ ಮರೆತಿರಲಿಲ್ಲ. ನನ್ನ ಕೆಲಸವನ್ನು ಮುಚ್ಚಿಡುವುದರಲ್ಲೇ ಇದ್ದ ನಾನು ಅದರೊಳಗೆ ಏನಿದೆ ಎಂದು ನೋಡಿಯೇ ಇರಲಿಲ್ಲ.

ಪರೀಕ್ಷೆಗೆ ಓದುವುದನ್ನು ನಿಲ್ಲಿಸಿಲ್ಲ, ಸಂದರ್ಶನಗಳಿಗೂ ಹೋಗುತ್ತಿದ್ದೇನೆ. ಒಂದೇ ವ್ಯತ್ಯಾಸ: ಬಯೋಡೇಟಾದಲ್ಲಿ ಖಾಲಿ ಬಿಟ್ಟಿದ್ದ ಜಾಗದಲ್ಲಿ ಈಗ ‘ಎ.ಸಿ. ಟೆಕ್ನಿಷಿಯನ್, ಬಿಟಿಎಂ ಲೇಔಟ್’ ಎಂದು ಬರೆದಿದ್ದೇನೆ. ಮೊನ್ನೆ ಸಂದರ್ಶನದಲ್ಲಿ ಒಬ್ಬರು ಅದರ ಮೇಲೆಯೇ ಬೆರಳಿಟ್ಟು “ಇಲ್ಲಿ ಏನು ಕಲಿತ್ರಿ?” ಎಂದರು. ಈ ಸಲ ಹೇಳುವುದಕ್ಕೆ ಉತ್ತರವಿತ್ತು.