ಹಿತ್ತಲ ಗಿಡ ಮದ್ದಲ್ಲವೇ? ನೈರೋಬಿಯ ಕನ್ನಡಿಗರಿಗೆ ಸ್ವದೇಶಿ ಯಾವುದು



ಈ ಸಲ ನಮ್ಮೆಲ್ಲರ ಮನೆಯ ಸಾಮಾನಿನ ಚೀಟಿಯ ಬಗ್ಗೆ ಸ್ವಲ್ಪ ಮಾತಾಡೋಣ. ಅಂಗಡಿಗೆ ಹೋದಾಗ ಕೀನ್ಯಾದಲ್ಲೇ ತಯಾರಾದದ್ದನ್ನು ಆರಿಸಿ ಕೊಳ್ಳಬೇಕೇ? ಅಥವಾ ಹೊರಗಿನದು ಅಗ್ಗವಾಗಿ, ಚೆನ್ನಾಗಿ ಸಿಕ್ಕರೆ ಅದನ್ನೇ ಕೊಂಡರೆ ತಪ್ಪೇನು? ಇಲ್ಲಿನ ಸರ್ಕಾರ 2017ರಲ್ಲಿ 'ಬೈ ಕೀನ್ಯಾ, ಬಿಲ್ಡ್ ಕೀನ್ಯಾ' ಎಂಬ ನೀತಿ ತಂದಿತು. 2019ರಲ್ಲಿ ಅಂದಿನ ಅಧ್ಯಕ್ಷ ಉಹುರು ಕೆನ್ಯಾಟ್ಟಾ ಅವರು ಸರ್ಕಾರಿ ನೌಕರರು ಶುಕ್ರವಾರಗಳಂದು ಇಲ್ಲಿಯೇ ತಯಾರಾದ ಉಡುಪು ಧರಿಸಬೇಕೆಂದು ಕರೆ ಕೊಟ್ಟರು. ಖಾದಿ, ಚರಕ, ಸ್ವದೇಶಿ ಚಳವಳಿಯ ಕಥೆ ಕೇಳಿ ಬೆಳೆದ ನಮಗೆ ಈ ಮಾತು ಹೊಸದಲ್ಲ. ಆದರೆ ನಮಗೊಂದು ತೊಡಕಿದೆ. ಹುಟ್ಟಿದ ದೇಶ ಒಂದು, ಅನ್ನ ಕೊಡುವ ದೇಶ ಇನ್ನೊಂದು. ನಮ್ಮ ಪಾಲಿಗೆ 'ಸ್ವದೇಶ' ಯಾವುದು?

ಇದಕ್ಕೆ ಉತ್ತರ ಹುಡುಕಲು ತೊಗರಿ ಬೇಳೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಎರಡು ಊರಿನ ತೊಗರಿ

ನೈರೋಬಿಯಿಂದ ಪೂರ್ವಕ್ಕೆ ಹೊರಟರೆ ಮಚಾಕೋಸ್, ಮಕುವೇನಿ, ಕಿಟುಯಿ ಸೀಮೆಗಳು ಸಿಗುತ್ತವೆ. ಮಳೆ ಕಡಿಮೆಯಾದ ಈ ಭಾಗದ ಸಣ್ಣ ರೈತರು ತೊಗರಿ ಬೆಳೆಯುತ್ತಾರೆ. ಸ್ವಾಹಿಲಿಯಲ್ಲಿ ಅದರ ಹೆಸರು 'ಎಂಬಾಜಿ'. ಮೊಂಬಾಸಾ ಕಡೆಯವರು ಅದನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ 'ಮಹಾಮ್ರಿ' ಜೊತೆ ಬೆಳಗಿನ ತಿಂಡಿಗೆ ತಿನ್ನುತ್ತಾರೆ. ಈ ಬೆಳೆಯ ದೊಡ್ಡ ಗಿರಾಕಿ ಭಾರತ. ನಮ್ಮ ದೇಶದ ತೊಗರಿ ಡಿಸೆಂಬರ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಪೂರ್ವ ಆಫ್ರಿಕಾದ್ದು ಅದಕ್ಕೆ ಕೆಲವು ತಿಂಗಳು ಮೊದಲೇ, ಭಾರತದ ಗೋದಾಮುಗಳು ಬರಿದಾಗುವ ಹೊತ್ತಿಗೆ ಸಿದ್ಧವಾಗಿರುತ್ತದೆ.

2015ರಲ್ಲಿ ಭಾರತದಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದ್ದು ಅನೇಕರಿಗೆ ನೆನಪಿರಬಹುದು. ಆ ಬೆಲೆ ನೋಡಿ ಅಲ್ಲಿಯ ರೈತರೂ ಆಫ್ರಿಕಾದ ರೈತರೂ ಹೆಚ್ಚು ಬಿತ್ತಿದರು. ಮರುವರ್ಷ ಭಾರತದಲ್ಲಿ ಭರ್ಜರಿ ಬೆಳೆ ಬಂದು ಬೆಲೆ ನೆಲಕಚ್ಚಿತು. 'ತೊಗರಿಯ ಕಣಜ' ಎನಿಸಿದ ನಮ್ಮ ಕಲಬುರಗಿಯಲ್ಲಿ ಬೆಂಬಲ ಬೆಲೆಯೂ ಸಿಗದೆ ರೈತರು ಕಂಗಾಲಾದರು. ಅವರನ್ನು ಉಳಿಸಲು ಭಾರತ ಸರ್ಕಾರ 2017ರ ಆಗಸ್ಟ್‌ನಲ್ಲಿ ತೊಗರಿಯ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ನಿನ ಮಿತಿ ಹಾಕಿತು. ಕಲಬುರಗಿಯ ರೈತನ ದೃಷ್ಟಿಯಿಂದ ಅದು ನ್ಯಾಯವೇ. ಆದರೆ ಪೂರ್ವ ಆಫ್ರಿಕಾದಲ್ಲಿ ಕೊಳ್ಳುವವರಿಲ್ಲದೆ ತೊಗರಿಯ ಬೆಲೆ ಕುಸಿಯಿತು. ಇತ್ತ ನಮ್ಮ ಪಕ್ಕದ ಮಕುವೇನಿಯ ರೈತ ಮಾಡಿದ ತಪ್ಪಾದರೂ ಏನು? ಭಾರತ ಈ ಆಮದನ್ನು ಮತ್ತೆ ಮುಕ್ತಗೊಳಿಸಿದ್ದು 2021ರ ಮೇ ತಿಂಗಳಲ್ಲಿ.

ಒಬ್ಬರ 'ಸ್ವದೇಶಿ' ಇನ್ನೊಬ್ಬರ ಬಾಗಿಲು ಮುಚ್ಚುವುದು ಹೀಗೆ. ಇದನ್ನು ತಿಳಿದ ಮೇಲೂ ಮಚಾಕೋಸ್ ತೊಗರಿ ಬಿಟ್ಟು, ಭಾರತದ ಹೆಸರು ಹೊತ್ತ ಪೊಟ್ಟಣವನ್ನೇ ದುಬಾರಿ ಬೆಲೆಗೆ ಕೊಳ್ಳುವುದರಲ್ಲಿ ಅರ್ಥವಿಲ್ಲ. ಆ ಪೊಟ್ಟಣದ ಒಳಗೂ ಆಫ್ರಿಕಾದ ತೊಗರಿಯೇ ಇರಬಹುದು!

ಬಟ್ಟೆಯ ಕಥೆ ಇಷ್ಟು ಸುಲಭವಲ್ಲ

ಬೇಳೆಯಂತೆ ಎಲ್ಲವೂ ಸರಳವಲ್ಲ. ಸಿಬಿಡಿಯ ಬಿಯಾಶಾರಾ ಸ್ಟ್ರೀಟ್ ಒಂದು ಕಾಲಕ್ಕೆ ಇಂಡಿಯನ್ ಬಜಾರ್ ಎಂದೇ ಹೆಸರಾಗಿದ್ದ ಬೀದಿ. ಅಲ್ಲಿನ ಅಂಗಡಿಗಳಲ್ಲಿ ತೂಗುಹಾಕಿರುವ, ಸ್ವಾಹಿಲಿ ಗಾದೆ ಬರೆದ ಚೆಂದದ ಕಾಂಗಾ ಬಟ್ಟೆಗಳಲ್ಲಿ ಎಷ್ಟೋ ಭಾರತದಲ್ಲೇ ಅಚ್ಚಾಗಿ ಬಂದವು. ಅಲ್ಲಿಂದ ಸ್ವಲ್ಪ ದೂರದ ಗಿಕೊಂಬಾದಲ್ಲಿ ಹೊರದೇಶದ ಹಳೆಯ ಬಟ್ಟೆ, ಅಂದರೆ 'ಮಿಟುಂಬಾ', ರಾಶಿರಾಶಿಯಾಗಿ ಮಾರಾಟವಾಗುತ್ತದೆ.

1990ರ ದಶಕದಲ್ಲಿ ಆಮದು ಸಡಿಲವಾದ ಮೇಲೆ ಕೀನ್ಯಾದ ಅನೇಕ ಬಟ್ಟೆ ಗಿರಣಿಗಳು ಮುಚ್ಚಿದವು. ಇದಕ್ಕೆ ಮಿಟುಂಬಾ ಒಂದು ಕಾರಣ. ಆದರೆ ದುಬಾರಿ ವಿದ್ಯುತ್ತು, ಹಳೆಯ ಯಂತ್ರ, ಹತ್ತಿ ಬೆಳೆಗಾರರಿಗೆ ಸರಿಯಾಗಿ ಹಣ ಸಿಗದಿದ್ದುದು, ಏಷ್ಯಾದಿಂದ ಬಂದ ಅಗ್ಗದ ಹೊಸ ಬಟ್ಟೆ, ಇವೂ ಕಾರಣಗಳೇ. ಎಲ್ಡೊರೆಟ್‌ನ ರಿವಾಟೆಕ್ಸ್ ಗಿರಣಿಯೂ ಹಾಗೆ ಮುಚ್ಚಿತ್ತು. ಮೋಯಿ ವಿಶ್ವವಿದ್ಯಾಲಯ ಅದನ್ನು 2007ರಲ್ಲಿ ವಹಿಸಿಕೊಂಡಿತು. ಭಾರತ ಒದಗಿಸಿದ ಸಾಲದಿಂದ ನವೀಕರಣವಾಗಿ 2019ರಲ್ಲಿ ಅದು ಮತ್ತೆ ಉದ್ಘಾಟನೆಯಾಯಿತು. ಕೀನ್ಯಾದ ಸ್ವದೇಶಿ ಬಟ್ಟೆಗೆ ಭಾರತದ ನೆರವು!

ಹಾಗಾದರೆ ಮಿಟುಂಬಾ ನಿಲ್ಲಿಸಿಬಿಡಬಾರದೇ? 2016ರಲ್ಲಿ ಪೂರ್ವ ಆಫ್ರಿಕಾ ಸಮುದಾಯದ ದೇಶಗಳು 2019ರೊಳಗೆ ಹಂತಹಂತವಾಗಿ ಹಾಗೆಯೇ ಮಾಡಲು ಹೊರಟಿದ್ದವು. ಅಮೆರಿಕ ತನ್ನ 'ಅಗೋವಾ' ರಿಯಾಯಿತಿಯನ್ನು ಹಿಂತೆಗೆದುಕೊಳ್ಳುವ ಸೂಚನೆ ಕೊಟ್ಟಿತು. ಆ ರಿಯಾಯಿತಿಯಲ್ಲಿ ಅಮೆರಿಕಕ್ಕೆ ಉಡುಪು ಕಳಿಸುತ್ತಿದ್ದ ಕೀನ್ಯಾ 2017ರಲ್ಲಿ ಹಿಂದೆ ಸರಿಯಿತು. ಪಟ್ಟು ಬಿಡದ ರುವಾಂಡಾ 2018ರಲ್ಲಿ ತನ್ನ ಉಡುಪುಗಳಿಗಿದ್ದ ಸುಂಕ ವಿನಾಯಿತಿ ಕಳೆದುಕೊಂಡಿತು. ಇನ್ನು ಮಿಟುಂಬಾ ಮಾರಿ ಹೊಟ್ಟೆ ಹೊರೆಯುವವರೂ, ಅದನ್ನೇ ಉಡುವವರೂ ಇಲ್ಲಿಯ ಬಡವರೇ. ಅಂಥವರಿಗೆ ಸ್ವದೇಶಿಯ ಉಪದೇಶ ಮಾಡುವುದು ನಮಗೆ ಶೋಭಿಸದು. ಕೊಳ್ಳುವ ಶಕ್ತಿ ಇರುವ ನಾವು ನಮ್ಮ ಚೀಟಿಯನ್ನು ಮಾತ್ರ ನೋಡಿಕೊಳ್ಳೋಣ.

ಇಲ್ಲಿಯದೆಂದು ಗುರುತಿಸುವುದು ಹೇಗೆ?

ಬಾರ್‌ಕೋಡ್ 616ರಿಂದ ಶುರುವಾದರೆ ಕೀನ್ಯಾದ್ದು, 890 ಆದರೆ ಭಾರತದ್ದು ಎಂದು ಅನೇಕರು ನಂಬುತ್ತಾರೆ. ಇದು ಪೂರ್ತಿ ನಿಜವಲ್ಲ. ಆ ಅಂಕಿ ಕಂಪನಿಗೆ ಕೋಡ್ ಕೊಟ್ಟ ದೇಶವನ್ನು ತೋರಿಸುತ್ತದೆಯೇ ಹೊರತು ವಸ್ತು ತಯಾರಾದ ಜಾಗವನ್ನಲ್ಲ. ಹೊರಗಿನಿಂದ ತಂದು ಇಲ್ಲಿ ಪ್ಯಾಕ್ ಮಾಡಿದ ಅಕ್ಕಿಗೂ 616 ಇರಬಹುದು. ಹಾಗೆಯೇ ಕೀನ್ಯಾದ ಮಾನಕ ಸಂಸ್ಥೆ 'ಕೆಬ್ಸ್' ಮುದ್ರೆ ಗುಣಮಟ್ಟದ ಖಾತರಿಯೇ ಹೊರತು ದೇಶಪ್ರೇಮದ ಪ್ರಮಾಣಪತ್ರವಲ್ಲ. ಆದ್ದರಿಂದ 'ತಯಾರಾದದ್ದು', 'ಬೆಳೆದದ್ದು', 'ಪ್ಯಾಕ್ ಮಾಡಿದ್ದು' ಎಂಬ ಸಾಲುಗಳನ್ನು ಬೇರೆಬೇರೆಯಾಗಿ ಓದಿ. ಬೆಳೆಯುವ, ಬೀಸುವ, ಹೊಲಿಯುವ ಕೆಲಸದಲ್ಲಿ ಹೆಚ್ಚಿನದು ಎಲ್ಲಿ ನಡೆದಿದೆಯೋ ನಮ್ಮ ಹಣದ ಹೆಚ್ಚಿನ ಪಾಲು ಸಾಮಾನ್ಯವಾಗಿ ಅಲ್ಲಿಗೇ ಸೇರುತ್ತದೆ.

ನಮ್ಮ ಅಡುಗೆಮನೆಗೆ ಕೆಲವು ಸಲಹೆಗಳು

ರಾಗಿ: ಇಲ್ಲಿಯ 'ವಿಂಬಿ' ನಮ್ಮ ರಾಗಿಯೇ. ರಾಗಿಯನ್ನು ಮೊದಲು ಬೆಳೆಸಿದ್ದೇ ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ. ಅದು ಕರ್ನಾಟಕಕ್ಕೆ ಬಂದದ್ದು ಸಾವಿರಾರು ವರ್ಷಗಳ ಹಿಂದೆ. ಊರಿಂದ ಸೂಟ್‌ಕೇಸಿನಲ್ಲಿ ರಾಗಿ ಹಿಟ್ಟು ಹೊತ್ತು ತರುವುದೆಂದರೆ ತವರಿಗೇ ತವರಿನ ಉಡುಗೊರೆ ಕೊಟ್ಟಂತೆ. ಆದರೆ ಗಂಜಿಯ ಹಿಟ್ಟಿನ ಪೊಟ್ಟಣದಲ್ಲಿ ಬೇರೆ ಧಾನ್ಯ ಬೆರೆಸಿರುತ್ತಾರೆ. ಮುದ್ದೆಗೆ ಬರೀ ವಿಂಬಿ ಇರುವುದನ್ನೇ ಆರಿಸಿ.

ಜೋಳ: ರೊಟ್ಟಿಗೆ ಇಲ್ಲಿಯ 'ಎಮ್ತಾಮಾ' ಹಿಟ್ಟು ಪ್ರಯತ್ನಿಸಿ. ಬಿಳಿ ಜೋಳದ್ದಾದರೆ ಒಳ್ಳೆಯದು.

ಅಕ್ಕಿ: ಎಂವೆಯಾ ಬಯಲಿನ ಪಿಶೋರಿ ಸುವಾಸನೆಯದು, ಬೆಲೆ ಹೆಚ್ಚು. ಆ ಹೆಸರಿನಲ್ಲಿ ಬೆರಕೆಯೂ ಉಂಟು, ನಂಬಿಕೆಯ ಅಂಗಡಿಯಲ್ಲೇ ಕೊಳ್ಳಿ. ದಿನನಿತ್ಯಕ್ಕೆ ಆಮದು ಅಕ್ಕಿ ಕೊಂಡರೆ ಅಪರಾಧವೇನಿಲ್ಲ. ಕೀನ್ಯಾಕ್ಕೆ ಬೇಕಾದಷ್ಟು ಅಕ್ಕಿ ಕೀನ್ಯಾದಲ್ಲಿ ಬೆಳೆಯುವುದಿಲ್ಲ.

ಬ್ಯಾಡಗಿ ಮೆಣಸಿನಕಾಯಿ, ಇಂಗು, ಮೈಸೂರು ಸ್ಯಾಂಡಲ್ ಸೋಪು: ಇವಕ್ಕೆ ಇಲ್ಲಿ ಬದಲಿ ಇಲ್ಲ. ಸಂತೋಷವಾಗಿ ಊರಿಂದ ತನ್ನಿ. ಅದರಿಂದ ಇಲ್ಲಿ ಯಾರ ಕೆಲಸವೂ ಹೋಗುವುದಿಲ್ಲ, ಅಲ್ಲಿ ಕೆಲವರಿಗೆ ಅನ್ನ ಸಿಗುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ಗುಣ ಸರಿಸಮವಾಗಿದ್ದು ಬೆಲೆ ಅಷ್ಟಿಷ್ಟು ಹೆಚ್ಚಾದರೂ ನಮ್ಮ ಮಕ್ಕಳು ಓದುವ, ನಾವು ದುಡಿಯುವ ಈ ನೆಲದ ವಸ್ತುವಿಗೆ ಮೊದಲ ಮಣೆ ಹಾಕೋಣ. ಇಲ್ಲಿ ಸಿಗದ್ದನ್ನು ಎಲ್ಲಿಂದಲಾದರೂ ತರಿಸೋಣ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಊರಿನಲ್ಲೇ ಬಿಟ್ಟು ಬರಬಹುದಾದ ಸಾಮಾನು.

ಮುಂದಿನ ಸಂಚಿಕೆಗೆ ವಿಂಬಿ ಮುದ್ದೆ, ಎಂಬಾಜಿ ಹುಳಿಯ ನಿಮ್ಮ ನಿಮ್ಮ ಪಾಕವಿಧಾನ ಬರೆದು ಕಳಿಸಿ. ಸಂಘದ ಮುಂದಿನ ಊಟಕ್ಕೂ ಅನುಕೂಲವಾದೀತು.