ಕೀ ಕೆಟ್ಟಿಲ್ಲ, ಪರೀಕ್ಷೆ ಮಾಡಿಲ್ಲ

ಕೀಲೆಸ್ ಕಾರಿನ ಬಾಗಿಲು ತೆರೆಯಲಿಲ್ಲವೆಂದರೆ ಸಾಕು, ತೀರ್ಪು ತಯಾರಾಗಿರುತ್ತದೆ: ‘ಕೀ ಹೋಗಿದೆ, ಹೊಸದು ಹಾಕಿಸಿ.’ ಪಕ್ಕದ ಮನೆಯವರು ಹೇಳುತ್ತಾರೆ, ಆಫೀಸಿನ ಗೆಳೆಯರು ಹೇಳುತ್ತಾರೆ, ಕೆಲವು ಗ್ಯಾರೇಜುಗಳಲ್ಲಿ ಕಾರನ್ನು ಮುಟ್ಟಿಯೂ ನೋಡದೆ ಹೇಳುತ್ತಾರೆ. ಹೊಸ ಕೀ, ಅದರ ಪ್ರೋಗ್ರಾಮಿಂಗ್ ಎಲ್ಲ ಸೇರಿ ಸಾವಿರಗಟ್ಟಲೆ ರೂಪಾಯಿ ಖರ್ಚಾಗುತ್ತದೆ. ಸ್ವಲ್ಪ ದಿನಕ್ಕೆ ಅದೇ ತೊಂದರೆ ಮರಳಿ ಬರುತ್ತದೆ. ಏಕೆಂದರೆ ಕೆಟ್ಟದ್ದು ಕೀ ಆಗಿರಲೇ ಇಲ್ಲ.

ಕೀಲೆಸ್ ಎಂದರೆ ಒಂದೇ ಸಾಧನ, ಕೆಟ್ಟರೆ ಪೂರ್ತಿ ಕೆಡುತ್ತದೆ ಎಂದುಕೊಳ್ಳುವುದೇ ಈ ನಂಬಿಕೆಯ ಬುಡ. ನಿಜದಲ್ಲಿ ಅದರೊಳಗೆ ಮೂರು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಕೀಯ ಬಟನ್ ಒತ್ತಿದಾಗ ಅದು ರೇಡಿಯೋ ಸಂಕೇತ ಕಳಿಸುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್‌ನಲ್ಲಿ, ಜಪಾನ್ ಮತ್ತು ಅಮೆರಿಕದಲ್ಲಿ ಹೆಚ್ಚಾಗಿ 315ರಲ್ಲಿ. ಜೇಬಿನಲ್ಲಿ ಕೀ ಇಟ್ಟುಕೊಂಡು ಹಿಡಿಕೆ ಮುಟ್ಟಿದಾಗ ನಡೆಯುವುದೇ ಬೇರೆ. ಕಾರಿನ ಆಂಟೆನಾಗಳು ಸುಮಾರು 125 ಕಿಲೋಹರ್ಟ್ಸ್‌ನ ಸಂಕೇತ ಬಿಟ್ಟು ಕೀಯನ್ನು ಎಬ್ಬಿಸುತ್ತವೆ. ಅದರ ವ್ಯಾಪ್ತಿ ಒಂದೂವರೆ ಮೀಟರಿನ ಆಸುಪಾಸು. ಎಚ್ಚರಗೊಂಡ ಕೀ ರೇಡಿಯೋದಲ್ಲಿ ಉತ್ತರ ಕೊಟ್ಟರೆ ಮಾತ್ರ ಬಾಗಿಲು ತೆರೆಯುತ್ತದೆ. ಮೂರನೆಯದು, ಎಂಜಿನ್ ಸ್ಟಾರ್ಟ್ ಮಾಡಲು ಕಾರು ಗುರುತಿಸುವ ಇಮೊಬಿಲೈಸರ್ ಚಿಪ್. ಕಾರಿನ ಸುರುಳಿಯಿಂದಲೇ ಶಕ್ತಿ ಪಡೆಯುವ ಅದಕ್ಕೆ ಕೀಯ ಬ್ಯಾಟರಿ ಬೇಕಿಲ್ಲ.

ಸಾಮಾನ್ಯವಾಗಿ ಈ ಮೂರೂ ಒಟ್ಟಿಗೆ ಸಾಯುವುದಿಲ್ಲ. ಯಾವುದು ನಡೆಯುತ್ತಿದೆ, ಯಾವುದು ನಿಂತಿದೆ ಎಂದು ಗಮನಿಸಿದರೆ ದೋಷ ಎಲ್ಲಿದೆಯೆಂದು ಅರ್ಧ ತಿಳಿದಂತೆ. ಇದಕ್ಕೆ ಸ್ಕ್ಯಾನರ್ ಬೇಡ, ಐದು ನಿಮಿಷದ ತಾಳ್ಮೆ ಸಾಕು.

ಮೊದಲು ಮನೆಯಲ್ಲಿರುವ ಎರಡನೆಯ ಕೀ ತನ್ನಿ. ಇದಕ್ಕಿಂತ ಒಳ್ಳೆಯ ಪರೀಕ್ಷಾ ಉಪಕರಣ ಯಾವ ಗ್ಯಾರೇಜಿನಲ್ಲೂ ಇಲ್ಲ, ಆದರೂ ಅದನ್ನು ಬೀರುವಿನಿಂದ ತೆಗೆಯುವವರೇ ಇಲ್ಲ. ಎರಡೂ ಕೀಗಳು ಒಂದೇ ರೀತಿ ಸೋತರೆ ಬಹುಮಟ್ಟಿಗೆ ದೋಷ ಕಾರಿನ ಕಡೆಯದು. ಬಟನ್ ಒತ್ತಿದರೆ ತೆರೆಯುತ್ತದೆ, ಚಾಲಕನ ಕಡೆಯ ಹಿಡಿಕೆ ಮುಟ್ಟಿದರೆ ತೆರೆಯುವುದಿಲ್ಲ, ಎಡಗಡೆಯ ಹಿಡಿಕೆ ಸರಿಯಾಗಿದೆ ಎಂದಾದರೆ ಕೀ ನಿರಪರಾಧಿ. ಆ ಬಾಗಿಲಿನ ಹಿಡಿಕೆಯ ಸ್ವಿಚ್, ಆಂಟೆನಾ ಅಥವಾ ವೈರು ನೋಡಬೇಕು. ಒಂದೇ ಜಾಗದಲ್ಲಿ ನಿಲ್ಲಿಸಿದಾಗ ಮಾತ್ರ ತೊಂದರೆಯಾಗಿ, ಬೇರೆ ಕಡೆ ಎಲ್ಲ ಸರಿಯಿದ್ದರೆ ಅಲ್ಲಿನ ರೇಡಿಯೋ ಅಡಚಣೆಯೇ ಕಾರಣ. ಹೊಸದಾಗಿ ಕೂರಿಸಿದ ಕಳಪೆ ಎಲ್‌ಇಡಿ ದೀಪವೋ ಡ್ಯಾಶ್‌ಕ್ಯಾಮ್ ಚಾರ್ಜರೋ ಕೂಡ ಹೀಗೆ ಅಡ್ಡ ಬರಬಲ್ಲದು. ಅದನ್ನು ಕಳಚಿ ಮತ್ತೆ ನೋಡಿ.

ಬಾಗಿಲು ತೆರೆಯುತ್ತದೆ, ಸ್ಟಾರ್ಟ್ ಬಟನ್ ಒತ್ತಿದರೆ ಎಂಜಿನ್ ಏಳುವುದಿಲ್ಲ. ಆಗಲೂ ಬೈಗುಳ ಕೀಗೇ. ಬ್ರೇಕ್ ಪೆಡಲ್ ತುಳಿದು ಹಿಂದಿನ ದೀಪ ಹೊತ್ತಿತೇ ಎಂದು ಯಾರನ್ನಾದರೂ ನೋಡಲು ಹೇಳಿ. ಹೊತ್ತದಿದ್ದರೆ ಬ್ರೇಕ್ ಲೈಟ್ ಸ್ವಿಚ್ ಅಥವಾ ಅದರ ಫ್ಯೂಸ್ ಮೇಲೆ ಅನುಮಾನ ಪಡಿ. ಬ್ರೇಕ್ ತುಳಿದದ್ದು ಕಾರಿಗೆ ತಿಳಿಯದಿದ್ದರೆ ಅದು ಸ್ಟಾರ್ಟ್ ಆಗಲು ಒಪ್ಪುವುದಿಲ್ಲ. ಕ್ಲಚ್ ಇರುವ ಕಾರುಗಳಲ್ಲಿ ಕ್ಲಚ್ ಸ್ವಿಚ್ ಕೂಡ ಇದೇ ಕೆಲಸ ಮಾಡುತ್ತದೆ. ಆಮೇಲೆ ಕಾರಿನ 12 ವೋಲ್ಟ್ ಬ್ಯಾಟರಿ ನೋಡಿ. ತುಂಬಿದ ಬ್ಯಾಟರಿ ಎಂಜಿನ್ ನಿಂತಿರುವಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಕೆಳಗಿದ್ದರೆ ಅದು ಬರಿದಾಗಿದೆ. ವೋಲ್ಟೇಜ್ ಕುಸಿದಾಗ ಎಲೆಕ್ಟ್ರಾನಿಕ್ಸ್ ತಡವರಿಸಿ, ಕೀ ಕೈಯಲ್ಲೇ ಇದ್ದರೂ ‘ಕೀ ಕಾಣಿಸುತ್ತಿಲ್ಲ’ ಎಂಬ ಸಂದೇಶ ಬರುವುದುಂಟು. ಆ ಸಂದೇಶ ನಂಬಿ ಕೀ ಬದಲಿಸಿದವರ ದುಡ್ಡು ನೀರುಪಾಲು.

ಕೀಯ ಬ್ಯಾಟರಿ ಮುಗಿದರೆ ಕಾರನ್ನು ಎಳೆದುಕೊಂಡೇ ಹೋಗಬೇಕು ಎಂಬುದು ಇದೇ ನಂಬಿಕೆಯ ಇನ್ನೊಂದು ಮುಖ. ಬಹುತೇಕ ಕೀಲೆಸ್ ಕೀಗಳೊಳಗೆ ಲೋಹದ ಕೀ ಅಡಗಿರುತ್ತದೆ, ಅದರಿಂದ ಬಾಗಿಲು ತೆರೆಯಿರಿ. ಕೀಯನ್ನೇ ಸ್ಟಾರ್ಟ್ ಬಟನ್ನಿಗೆ ಒತ್ತಿ ಹಿಡಿದರೆ ಹಲವು ಕಾರುಗಳು ಸ್ಟಾರ್ಟ್ ಆಗುತ್ತವೆ. ಕೆಲವುಗಳಲ್ಲಿ ಕೀ ಹಿಡಿಯುವ ಜಾಗ ಬೇರೆ ಕಡೆ ಇರುತ್ತದೆ, ಕೈಪಿಡಿಯಲ್ಲಿ ಚಿತ್ರಸಮೇತ ಹೇಳಿರುತ್ತಾರೆ. ಹೀಗೆ ಸ್ಟಾರ್ಟ್ ಆಯಿತೆಂದರೆ ಚಿಪ್ ಸರಿಯಾಗಿದೆ, ಮೊದಲು ಬದಲಿಸಬೇಕಾದದ್ದು ನೂರು ರೂಪಾಯಿಯೊಳಗಿನ ನಾಣ್ಯದಾಕಾರದ ಬ್ಯಾಟರಿ. ಅದರಲ್ಲೂ ಎರಡು ಎಚ್ಚರಿಕೆ. ಮೀಟರಿನಲ್ಲಿ 3 ವೋಲ್ಟ್ ಬಂತು ಎಂದು ಹಳೆಯ ಬ್ಯಾಟರಿಯನ್ನು ಸರಿಯಾಗಿದೆ ಎನ್ನಬೇಡಿ, ಸಂಕೇತ ಕಳಿಸುವ ಕ್ಷಣದ ಹೊರೆಗೆ ಅದು ಕುಸಿಯಬಹುದು. ಸಿಆರ್2032 ಇರಬೇಕಾದ ಕಡೆ ಸಿಆರ್2025 ತುರುಕಬೇಡಿ. ವೋಲ್ಟೇಜ್ ಒಂದೇ ಆದರೂ ಮೊದಲನೆಯದರ ದಪ್ಪ 3.2 ಮಿಲಿಮೀಟರ್, ಎರಡನೆಯದರದ್ದು 2.5. ಸಡಿಲಾಗಿ ಕುಳಿತ ಬ್ಯಾಟರಿ ಒಮ್ಮೆ ಕೆಲಸ ಮಾಡಿ ಒಮ್ಮೆ ಕೈಕೊಡುತ್ತದೆ. ತೆಗೆದ ಬ್ಯಾಟರಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿ, ನುಂಗಿದರೆ ಪ್ರಾಣಕ್ಕೇ ಅಪಾಯ.

ಉಳಿದ ನಂಬಿಕೆಗಳಿಗೆ ಒಂದೆರಡು ಸಾಲು ಸಾಕು. ಬ್ಯಾಟರಿ ತೆಗೆದರೆ ಕೀಯ ಪ್ರೋಗ್ರಾಂ ಅಳಿಸಿಹೋಗುತ್ತದೆಯೇ? ಇಲ್ಲ, ಅದರ ಗುರುತು ವಿದ್ಯುತ್ ಇಲ್ಲದಿದ್ದರೂ ಉಳಿಯುವ ಮೆಮೊರಿಯಲ್ಲಿದೆ. ಕೀಯ ಕೆಂಪು ದೀಪ ಮಿನುಗಿದರೆ ಕೀ ಸರಿಯಾಗಿದೆಯೇ? ಬಟನ್ ಕೆಲಸ ಮಾಡಿತು ಎಂದಷ್ಟೇ ಅದು ಹೇಳುತ್ತದೆ, ಸಂಕೇತ ಹೊರಟಿತು ಎಂದಲ್ಲ. ಟಿವಿ ರಿಮೋಟಿನಂತೆ ಮೊಬೈಲ್ ಕ್ಯಾಮೆರಾದಲ್ಲಿ ಪರೀಕ್ಷಿಸಬಹುದೇ? ಆಗದು, ಇದು ರೇಡಿಯೋ, ಇನ್‌ಫ್ರಾರೆಡ್ ಅಲ್ಲ. ಕೀಯನ್ನು ಕಾರಿನ ಪಕ್ಕದ ಗೋಡೆಗೆ ನೇತುಹಾಕಿದರೆ ಏನೂ ಆಗುವುದಿಲ್ಲವೇ? ಕಾರಿನ ಸಂಕೇತಕ್ಕೆ ಮತ್ತೆ ಮತ್ತೆ ಎಚ್ಚರಗೊಂಡು ಬ್ಯಾಟರಿ ಬೇಗ ಖಾಲಿಯಾಗಬಹುದು.

ಎಲ್ಲಕ್ಕಿಂತ ಹಠಮಾರಿ ನಂಬಿಕೆ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುವ ಸಲಹೆ: ಮನೆಗೆ ಫೋನ್ ಮಾಡಿ, ಇನ್ನೊಂದು ಕೀಯ ಬಟನ್ನನ್ನು ಫೋನಿನ ಹತ್ತಿರ ಒತ್ತಿಸಿ, ಈ ಕಡೆ ಫೋನನ್ನು ಬಾಗಿಲಿಗೆ ಹಿಡಿಯಿರಿ, ಕಾರು ತೆರೆಯುತ್ತದೆ. ಫೋನು ಸಾಗಿಸುವುದು ಧ್ವನಿಯನ್ನು. ರೇಡಿಯೋ ಸಂಕೇತ ಧ್ವನಿಯಲ್ಲ. ಶಾಲೆಯ ವಿಜ್ಞಾನವೇ ಇದನ್ನು ತಳ್ಳಿಹಾಕಲು ಸಾಕು, ಆದರೂ ಎಂಜಿನಿಯರಿಂಗ್ ಓದಿದವರೂ ಇದನ್ನು ಮುಂದಕ್ಕೆ ಕಳಿಸುತ್ತಾರೆ. ಕಾರು ತಮ್ಮದು, ಕೀ ತಮ್ಮದು, ಫೋನು ತಮ್ಮದು, ಮನೆಯಂಗಳದಲ್ಲೇ ಮಾಡಿ ನೋಡಬಹುದಾದ ಪರೀಕ್ಷೆ. ಯಾರೂ ಮಾಡುವುದಿಲ್ಲ.

ನನಗೆ ಕಳವಳ ತರುವುದು ಇದೇ. ಕೈಯಳತೆಯಲ್ಲಿರುವ ವಸ್ತುವನ್ನೂ ಪರೀಕ್ಷಿಸದೆ ನಂಬುವ ಅಭ್ಯಾಸ ಕಾರಿನಲ್ಲಿ ನಿಲ್ಲುವುದಿಲ್ಲ, ಔಷಧಿಗೂ ಹಬ್ಬುತ್ತದೆ, ಹಣ ಹೂಡುವುದಕ್ಕೂ ಹಬ್ಬುತ್ತದೆ. ‘ಬದಲಿಸಿ ನೋಡೋಣ’ ಎನ್ನುವುದು ರೋಗ ಪತ್ತೆಯಲ್ಲ, ಗಿರಾಕಿಯ ದುಡ್ಡಿನಲ್ಲಿ ನಡೆಯುವ ಊಹೆ. ಹೊಣೆಯರಿತ ಮೆಕ್ಯಾನಿಕ್ ಮೊದಲು ಪ್ರಶ್ನೆ ಕೇಳುತ್ತಾನೆ, ಆಮೇಲೆ ಅಳೆಯುತ್ತಾನೆ, ಕೊನೆಯಲ್ಲಿ ಬಿಚ್ಚುತ್ತಾನೆ.

ಮುಂದಿನ ಸಲ ಯಾರಾದರೂ ‘ಕೀ ಹೋಗಿದೆ’ ಎಂದರೆ, ‘ಯಾವ ಪರೀಕ್ಷೆಯಿಂದ ಗೊತ್ತಾಯಿತು?’ ಎಂದು ಕೇಳಿ. ಉತ್ತರ ಸಿಗದಿದ್ದರೆ ದುಡ್ಡು ಕೊಡಬೇಡಿ.